ಮೂಗಿನ ಹೊಲಿಗೆ

ಹುಲಗಮ್ಮನ ಜೋಳದ ಚೀಲವನ್ನು ಇಲಿ ಕಡಿಯದೆ ಇದ್ದಿದ್ದರೆ ಗಾದಿಲಿಂಗಪ್ಪನ ಹೊಲಿಗೆ ಅಂಗಡಿ ಕುಷ್ಟಗಿಯಲ್ಲಿ ಇನ್ನೂ ನಾಲ್ಕು ಕಾಲ ನಡೆಯುತ್ತಿತ್ತು. ಆದರೆ ಇಲಿಗೆ ಯಾರ ಅಂಗಡಿಯ ಚಿಂತೆ?

ಗಾದಿಲಿಂಗಪ್ಪ ಜರ್ಮನಿ ಜಪಾನದ ಯುದ್ಧದಲ್ಲಿ ಹಡಗಿನ ನೌಕರಿ ಮಾಡಿದವನು. ಯುದ್ಧ ಮುಗಿಯಿತು, ಇನ್ನು ನೀನು ಹೋಗು ಎಂದು ಸರಕಾರ ಹೇಳಿದ ಮೇಲೆ ಊರಿಗೆ ಬಂದು, ಸತ್ತ ಅಪ್ಪನ ಹೊಲಿಗೆ ಯಂತ್ರದ ಧೂಳು ಒರೆಸಿ ಪಡಸಾಲೆಯಲ್ಲಿ ಕೂತಿದ್ದ. ಮದುವೆಯ ಹಂಗಾಮು. ಅರಿವೆಗೆ ಕಂಟ್ರೋಲು ಬಂದು ಅಳೆದು ಕೊಡುತ್ತಿದ್ದ ಕಾಲ. ಸಿಕ್ಕ ಗಜ ಅರಿವೆಯನ್ನು ಜನ ಎಳೆಗೂಸಿನಂತೆ ಎದೆಗವಚಿಕೊಂಡು ಅವನಲ್ಲಿಗೆ ತರುತ್ತಿದ್ದರು. ಹೆಂಡತಿ ಪಂಪಾವತಿ ನಾಲ್ಕು ವರ್ಷದಲ್ಲಿ ಮೊದಲ ಸಲ ಎರಡು ಹೊತ್ತು ಒಲೆ ಹಚ್ಚುತ್ತಿದ್ದಳು.

ಆ ದಿನ ಬೆಳಗ್ಗೆ ಪಕ್ಕದ ಮನೆಯ ಹುಲಗಮ್ಮ ತೂತು ಬಿದ್ದ ಚೀಲವನ್ನು ಎಳೆದುಕೊಂಡು ಬಂದಳು.

"ಗಾದಿ, ಎರಡು ಹೊಲಿಗಿ ಹಾಕಿಕೊಡೋ ಎಪ್ಪಾ. ನಮ್ಮ ಜೋಳದಾಗ ಇಲಿಗೋಳ ಮದವಿ ನಡದೈತಿ."

ಗಾದಿಲಿಂಗಪ್ಪ ಪೆಟ್ಟಿಗೆಯಿಂದ ಹಡಗಿನ ದಬ್ಬಣ ತೆಗೆದ. ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡ. ಹುಲಗಮ್ಮ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವುದರೊಳಗೆ ತೂತು ಎಲ್ಲಿತ್ತು ಎಂಬುದೇ ತಿಳಿಯದ ಹಾಗೆ ಹೊಲಿದುಬಿಟ್ಟ.

"ಎಲಾ ಇವನ! ಮದವಿಯಾಗಿ ಬಂದಾಗಿಂದ ಕೌದಿ ಹೊಲಿಯಾಕತ್ತೀನಿ, ನನ್ನ ಕೈಯಾಗ ಇಂಥಾ ಹೊಲಿಗಿ ಬಿದ್ದಿಲ್ಲ. ಹಡಗಿನ್ಯಾಗ ಏನ ಹೊಲಿತಿದ್ದೆಲೇ?"

"ತೋಪಿನ ಹೊದಿಕಿ, ಬಿಸಲಿನ ಪಡದೆ, ನಿಶಾನಿ, ಮಂದಿ ಮಲಗೋ ಜೋಲಿ."

"ಮತ್ತ?"

ಗಾದಿಲಿಂಗಪ್ಪನಲ್ಲಿದ್ದ ದೊಡ್ಡ ದೋಷವೆಂದರೆ, ಯಾರಾದರೂ "ಮತ್ತ?" ಎಂದು ಕೇಳಿದರೆ ಮತ್ತೊಂದನ್ನು ಹೇಳಿಬಿಡುವುದು.

"ಸತ್ತೋರನ್ನ ಅವರ ಜೋಲಿಯೊಳಗ ಹಾಕಿ ಹೊಲಿಯೋದೂ ನಂದ ಕೆಲಸಿತ್ತು. ಇದ ದಬ್ಬಣದಿಂದ."

ಹುಲಗಮ್ಮನ ಬಾಯಿಯ ಎಲೆ ಬಾಯಲ್ಲೇ ಉಳಿಯಿತು. ಚೀಲ ಎತ್ತಿಕೊಂಡು ಹೋದಳು. ಆ ಜೋಳವನ್ನು ಆಕೆ ಮನೆಯವರಿಗೆ ಹಾಕಲಿಲ್ಲ, ಎಮ್ಮೆಗೆ ಹಾಕಿದಳಂತೆ.

ಹೆಂಚಿನ ಮೇಲೆ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಸುದ್ದಿ ಓಣಿ ದಾಟಿತು. ಮೊದಲು ಬಂದವಳು ಶೇಖರಮ್ಮ. ಮಗಳ ಮದುವೆಗೆಂದು ಕುಬಸ ಹೊಲಿಯಲು ಕೊಟ್ಟಿದ್ದಳು.

"ನಮ್ಮ ಕುಬಸ ಕೊಡಪ್ಪ."

"ಇನ್ನೂ ಒಂದು ತೋಳ ಹಚ್ಚೋದೈತ್ರಿ ಯವ್ವಾ."

"ಒಂದ ತೋಳ ಸಾಕು. ಇನ್ನೊಂದು ಕೈ ಸೆರಗಿನ್ಯಾಗ ಇಟ್ಕೋತಾಳ."

ಅವಳ ಹಿಂದೆ ಮತ್ತೊಬ್ಬ, ಅವನ ಹಿಂದೆ ಇನ್ನಿಬ್ಬರು. ಕೊಯ್ದಿಟ್ಟ ಅರಿವೆಯನ್ನು ಕೊಯ್ದಂತೆಯೇ ಕಟ್ಟಿಕೊಂಡು ಹೋದರು. ಒಬ್ಬನಂತೂ ಗುಂಡಿ ಹಚ್ಚದ ಅಂಗಿಯನ್ನು ಕೋಲಿನ ತುದಿಯಿಂದ ಎತ್ತಿಕೊಂಡು, ಹಾವು ಹೊಡೆದವನ ಹಾಗೆ ಹಿಡಿದು ನಡೆದ. ಬಿಸಿಲು ಏರುವುದರೊಳಗೆ ಗೂಟದ ಮೇಲೆ ಉಳಿದದ್ದು ಗಾದಿಲಿಂಗಪ್ಪನದೇ ಅಂಗಿ.

ಪಂಪಾವತಿ ಬಾಗಿಲಿಗೆ ಬಂದು ನಿಂತಳು. "ಏನ್ರೀ, ಜಪಾನದವರ ಗುಂಡಿಗೆ ಸಿಗದ ಬಂದ್ರಿ, ಹುಲಗವ್ವನ ಬಾಯಿಗೆ ಸಿಕ್ರಿ. ನಾಳೆ ಎಸರಿನ್ಯಾಗ ಏನ ಹಾಕ್ಲಿ? ದಬ್ಬಣಾನ?"

ಆಗ ಬಂದವನು ಕಳಕಪ್ಪ. ಇವನು ಎತ್ತಿನ ದಲ್ಲಾಳಿ. ಊರಿನ ಯಾವ ಬೆಂಕಿ ಕಂಡರೂ ಎಣ್ಣೆಯ ಗಡಿಗೆ ಹಿಡಿದು ಆರಿಸಲು ಓಡುವ ಪರೋಪಕಾರಿ.

"ತಂಗೀ, ನೀ ಕಣ್ಣೀರು ಹಾಕಬ್ಯಾಡ. ಮಂದಿಗೆ ಹಡಗಂದ್ರೇನಂತ ಗೊತ್ತಿಲ್ಲ. ತಿಳಿಸಿ ಹೇಳಿದ್ರ ಎಲ್ಲಾ ಸರಿಹೋಗತೈತಿ. ನಡಿಯೋ ಗಾದಿ, ಕಟ್ಟಿಗೆ ಹೋಗೂಣು."

ಬೇವಿನ ಕಟ್ಟೆಯ ಮೇಲೆ ಕೂತವರ ನಡುವೆ ಅವನನ್ನು ನಿಲ್ಲಿಸಿ, ಕಳಕಪ್ಪ ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ. "ಹೇಳು. ಅಂಜಬ್ಯಾಡ."

ಗಾದಿಲಿಂಗಪ್ಪ ಹೇಳಿದ. ಹಡಗೆಂದರೆ ಒಂದು ಊರಿದ್ದ ಹಾಗೆ, ಒಬ್ಬೊಬ್ಬನಿಗೆ ಒಂದೊಂದು ಕೆಲಸ. ಭಟ್ಟಿಯವರು ತಳದಲ್ಲಿ ಕೂತು ಹಗಲೂ ರಾತ್ರಿ ಬೆಂಕಿಗೆ ಕಲ್ಲಿದ್ದಲು ತಿನ್ನಿಸುತ್ತಾರೆ. ಅವರಿಗೆ ಸಮುದ್ರ ಯಾವ ಬಣ್ಣ ಎಂಬುದೂ ಮರೆತಿರುತ್ತದೆ. ತೋಪಿನವರು ಮೇಲೆ. ನಿಶಾನಿಯವನು ಎರಡೂ ಕೈಯಲ್ಲಿ ಬಾವುಟ ಬೀಸಿ ಮತ್ತೊಂದು ಹಡಗಿನವನೊಡನೆ ಮಾತಾಡುತ್ತಾನೆ. ತಂತಿಯವನು ಕಿವಿಗೆ ಬಟ್ಟಲು ಕಟ್ಟಿಕೊಂಡು ಟಕಟಕ ಶಬ್ದವನ್ನು ಅಕ್ಷರ ಮಾಡುತ್ತಾನೆ. ಅಡಿಗೆಯವನು ಹಡಗು ಒಂದು ಕಡೆ ವಾಲಿದಾಗ ಸಾರಿನ ಹಂಡೆಯನ್ನು ಅಪ್ಪಿಕೊಂಡು ನಿಲ್ಲುತ್ತಾನೆ.

"ಮತ್ತ?" ಎಂದರು ಕಟ್ಟೆಯವರು.

"ಇವರೆಲ್ಲಾ ತಮ್ಮ ತಮ್ಮ ಕೆಲಸ ಮಾಡ್ತಾ ಸತ್ರ, ನನ್ನ ಕೆಲಸ ಸುರು ಆಗ್ತಿತ್ರಿ."

"ಹೆಂಗ ಹೊಲಿತಿದ್ದಿ?"

"ಕಾಲಿಗೆ ಕಬ್ಬಿಣ ಕಟ್ಟೋದು, ಕೆಳಗಿಂದ ಹೊಲಕೋತ ಬರೋದು. ಕಡೇ ಹೊಲಿಗಿ ಮೂಗಿನ್ಯಾಗ."

"ಮೂಗಿನ್ಯಾಗ? ಯಾಕೋ?"

"ಜೀವ ಇದ್ರ ಚೀರ್ತಾನ್ರಿ. ಚೀರ್ಲಿಲ್ಲಂದ್ರ ಗಂಟು ಹಾಕಿ ನೀರಿಗೆ ಬಿಡೋದು. ಹಡಗಿನ ರೂಢಿ ಅದು."

"ಯಾರರ ಚೀರ್ಯಾರೇನು?"

"ಒಬ್ಬರೂ ಇಲ್ರಿ."

ಅವನು ಅಷ್ಟಕ್ಕೇ ನಿಲ್ಲಿಸಿದ. ಗಂಗಾವತಿಯ ರಸೂಲಸಾಬನ ಮಾತನ್ನು ಕಟ್ಟೆಯಲ್ಲಿ ಹೇಳಲಿಲ್ಲ. ಇಬ್ಬರೂ ಒಂದೇ ದಿನ ಹೊಳೆ ದಾಟಿ ಹೊಸಪೇಟೆಗೆ ಹೋಗಿ ಹೆಸರು ಬರೆಸಿದವರು. ಇವನಿಗೆ ದಬ್ಬಣ, ಅವನಿಗೆ ಭಟ್ಟಿ. ಒಂದು ದಿನ ಮೇಲಿಂದ ಬಾಂಬು ಬಿತ್ತು, ಕೆಳಗೆ ಕುದಿಯುವ ಉಗಿಯ ಕೊಳವೆ ಒಡೆಯಿತು. ರಸೂಲಸಾಬನನ್ನು ಎತ್ತಿ ತಂದಾಗ ಹಿಡಿಯಲು ಅವನ ಮೈಯಲ್ಲಿ ಒಂದು ಕಡೆಯೂ ಚರ್ಮವಿರಲಿಲ್ಲ. ಗಾದಿಲಿಂಗಪ್ಪ ಅವನನ್ನು ಹೊಲಿದ. ಮೂಗಿನ ಹೊಲಿಗೆ ಹಾಕಿ ಕಾದ. ಎರಡನೆಯದನ್ನೂ ಹಾಕಿ ಕಾದ. ಬೈಯೋ ನನ್ನ, ಒಂದು ಸಲ ಬೈಯೋ ಎಂದು ಬಾಯೊಳಗೇ ಅಂದ. ಮೂರನೆಯದಕ್ಕೆ ಹಡಗಿನ ಸಾಹೇಬ ಕೈ ಹಿಡಿದ.

ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ರುಮಾಲಿನ ಚುಂಗಿನಿಂದ ಮೆಲ್ಲಗೆ ತನ್ನ ಮೂಗು ಮುಚ್ಚಿಕೊಂಡ. ಅವನನ್ನು ನೋಡಿ ಉಳಿದವರೂ ಮುಚ್ಚಿಕೊಂಡರು. ಹಳೇ ಮೂಗುಗಳೆಲ್ಲ ಒಂದೊಂದಾಗಿ ಎದ್ದು ಮನೆಗೆ ಹೋದವು.

"ನೋಡಿದೇನು? ಈಗ ಎಲ್ಲಾರಿಗೂ ತಿಳೀತು," ಎಂದ ಕಳಕಪ್ಪ.

ಆ ಹೊತ್ತಿಗೆ ಅಂದಪ್ಪ ಸಾವುಕಾರರ ಮನೆಯ ಆಳು ಓಡುತ್ತ ಬಂದ. ಸಾವುಕಾರರು ಬೆಳಗಿನಿಂದ ಎದ್ದಿಲ್ಲ, ಮೈ ತಣ್ಣಗಾಗಿದೆ. ಕಳಕಪ್ಪ ಗಾದಿಲಿಂಗಪ್ಪನನ್ನೂ ಎಳೆದುಕೊಂಡು ಹೋದ. ಎತ್ತಿನ ಹಲ್ಲು ನೋಡಿದಂತೆ ಸಾವುಕಾರರ ತುಟಿ ಬಿಡಿಸಿ ನೋಡಿದ. ನಾಡಿ ಹಿಡಿದ, ಕಿವಿ ಹಿಂಡಿದ.

"ಹೋಗ್ಯಾರ."

ಮಗ ವಿರುಪಣ್ಣ ದೊಡ್ಡ ದನಿ ತೆಗೆದು ಅತ್ತ. ಅಳುವಾಗಲೂ ಒಂದು ಕೈ ಸೊಂಟದ ಮೇಲೆ ಇತ್ತು. ಅಪ್ಪನ ಕೀಲಿಕೈ ಗೊಂಚಲು ಆಗಲೇ ಅಲ್ಲಿಗೆ ಬಂದಿತ್ತು.

ಇನ್ನೊಂದು ತೊಡಕು ಎದ್ದಿತು. ಕನಕಗಿರಿಯಲ್ಲಿರುವ ತಮ್ಮ ಹೊಲದಲ್ಲಿ, ತಂದೆಯ ಗದ್ದುಗೆಯ ಪಕ್ಕದಲ್ಲೇ ತಮ್ಮನ್ನು ಕೂರಿಸಿ ಮಣ್ಣು ಮಾಡಬೇಕು ಎಂದು ಸಾವುಕಾರರು ಎಲ್ಲರ ಮುಂದೆ ಹೇಳಿಟ್ಟಿದ್ದರು. ಬೇಸಿಗೆ ಬಿಸಿಲು, ಕಲ್ಲಿನ ದಾರಿ, ಬಂಡಿಯ ಪ್ರಯಾಣ. ಕೂರಿಸಿದ ಹೆಣ ಮೊದಲನೇ ಹಳ್ಳಕ್ಕೇ ಕೂತ ಕಡೆ ಉಳಿಯುವುದಿಲ್ಲ.

"ಚಿಂತಿ ಯಾಕ? ಗಾದಿ ಅದಾನಲ್ಲ!" ಎಂದ ಕಳಕಪ್ಪ. "ಸಮುದ್ರದಾಗ ಅಲುಗಾಡದಂಗ ಹೊಲದಾನ, ಬಂಡ್ಯಾಗ ಹೊಲಿಯೋದಿಲ್ಲೇನು?"

ಗಾದಿಲಿಂಗಪ್ಪ ಕೈ ಮುಗಿದ. "ಧಣೇರ, ಬ್ಯಾಡ್ರಿ. ಈಗ ಊರು ನನ್ನ ಕೈ ಅಂದ್ರ ಹೇಸಾಕತ್ತೈತಿ. ಇಲ್ಲಿ ಒಂದು ಹೊಲದ್ನಂದ್ರ ನನ್ನ ಅಂಗಡಿಗೂ ಮಣ್ಣು ಕೊಟ್ಟಂಗ."

ವಿರುಪಣ್ಣ ಅವನನ್ನು ಪಕ್ಕಕ್ಕೆ ಕರೆದ. "ನೀ ಹೊಲದುಕೊಡು. ಬರೋ ಶ್ರಾವಣದಾಗ ನಮ್ಮ ಮಗಳ ಲಗ್ನ ಐತಿ. ಅದರ ಅರಿಬಿ ಎಲ್ಲಾ ನಿನ್ನ ಕಡೆನ. ನಮ್ಮನಿ ಅರಿಬಿ ನೀ ಹೊಲದಿ ಅಂದ್ರ ಯಾವ ಮಗ ನಿನ್ನ ಕೈಗೆ ಹೇಸ್ತಾನ?"

ಹೆಂಗಸರ ಗುಂಪಿನಲ್ಲಿ ಅಳಲು ಬಂದಿದ್ದ ಪಂಪಾವತಿಗೂ ಇದು ಕೇಳಿಸಿತು. ಕಣ್ಣೊರೆಸಿಕೊಂಡು ಹತ್ತಿರ ಬಂದು ಪಿಸುಗುಟ್ಟಿದಳು. "ಹೊಲೀರಿ. ಸಾವ್ಕಾರ್ರ ಮನಿ ಅರಿಬಿ ಮುಂದ ಬಂತಂದ್ರ, ಊರ ಅರಿಬಿ ಕುರಿ ಹಿಂಡಿನಂಗ ಹಿಂದ ಬರ್ತಾವು."

ಸಾವುಕಾರರನ್ನು ಚಕ್ಕಳಮಕ್ಕಳ ಕೂರಿಸಿ, ಹಣೆಗೆ ವಿಭೂತಿ ಬಳಿದು, ತಲೆ ವಾಲದಂತೆ ಗೋಡೆಯ ಗೂಟಕ್ಕೆ ವಸ್ತ್ರ ಕಟ್ಟಿದ್ದರು. ಗಾದಿಲಿಂಗಪ್ಪ ಮನೆಯಿಂದ ದಬ್ಬಣ, ಶೇಂಗಾ ಬಂಡಿಗೆ ಮುಚ್ಚುವ ದಪ್ಪ ತಾಡಪತ್ರಿ ತರಿಸಿ ಸುತ್ತಲೂ ಹೊದಿಸಿ ಮೊಣಕಾಲಿನಿಂದ ಹೊಲಿಯುತ್ತ ಬಂದ. ಹೊರಗೆ ಭಜನೆ. ಒಳಗೆ ದಬ್ಬಣ ತಾಡಪತ್ರಿ ತೂರುವ ಸರ್ ಸರ್ ಸಪ್ಪಳ. ಹೊಟ್ಟೆ ಆಯಿತು, ಎದೆ ಆಯಿತು, ಕುತ್ತಿಗೆ ಆಯಿತು.

"ಲಗೂನ ಮುಗಸು. ಎತ್ತು ಹೂಡ್ಯಾರ," ಎಂದ ವಿರುಪಣ್ಣ.

ಮುಖ ಒಂದು ಉಳಿದಿತ್ತು. ಕಳಕಪ್ಪ ಕಣ್ಣರಳಿಸಿ ಕೇಳಿದ, "ಗಾದಿ, ಹಡಗಿನ ರೂಢಿ?"

"ಮೂಗು ಗೀಗು ಬ್ಯಾಡ. ಗಂಟು ಹಾಕು," ಎಂದ ವಿರುಪಣ್ಣ.

ಗಾದಿಲಿಂಗಪ್ಪ ಗಂಟು ಹಾಕಲು ನೋಡಿದ. ಬೆರಳು ಒಪ್ಪಲಿಲ್ಲ. ಆ ಒಂದು ಹೊಲಿಗೆ ಹಾಕದೆ ಅವನು ಯಾರನ್ನೂ ನೀರಿಗೆ ಕಳಿಸಿರಲಿಲ್ಲ. ಈ ಮುದುಕನನ್ನು ಮಾತ್ರ ಕೇಳದೆ ಮಣ್ಣಿಗೆ ಕಳಿಸಲೇ? ಚೀರುವುದಂತೂ ಇಲ್ಲ, ಯಾರೂ ಚೀರಿಲ್ಲ. ಕಣ್ಣು ಮುಚ್ಚಿ, ತಾಡಪತ್ರಿಯ ಮೇಲಿಂದಲೇ ಅಂದಾಜಿನಲ್ಲಿ ದಬ್ಬಣ ಚುಚ್ಚಿದ.

"ಯಪ್ಪೋ! ಯಾವನಲೇ ಅವಾ, ಭಾಡ್ಯಾ!"

ತಾಡಪತ್ರಿಯ ಗಂಟು ಜಿಗಿಯಿತು. ಗೂಟ ಕಿತ್ತು ಬಂತು. ಅಳುತ್ತಿದ್ದ ಹೆಂಗಸರು ತೆರೆದ ಬಾಯಿ ಮುಚ್ಚದೆ ಬೀದಿಗೆ ಓಡಿದರು. ಭಜನೆಯವರು ತಾಳ ಬಿಟ್ಟು ಓಡಿದರು. ನಾಡಿ ನೋಡಿದ ಕಳಕಪ್ಪ ಎತ್ತುಗಳು ನೀರು ಕುಡಿಯುವ ತೊಟ್ಟಿಯೊಳಗೆ ಬಿದ್ದು, ಅಲ್ಲೇ ಸುರಕ್ಷಿತವೆಂದು ಕೂತ. ಗಾದಿಲಿಂಗಪ್ಪ ಮಾತ್ರ ಅಲ್ಲಾಡಲಿಲ್ಲ. ಕೈಯಲ್ಲಿ ದಾರ ಹಿಡಿದುಕೊಂಡೇ ನೆಲಕ್ಕೆ ಕುಸಿದು, "ಚೀರಿದ... ಚೀರಿದ..." ಎನ್ನುತ್ತ ಬಿಕ್ಕಿ ಬಿಕ್ಕಿ ಅತ್ತ. ಸಮುದ್ರದಲ್ಲಿ ಕಾದೂ ಕಾದೂ ಕೇಳದ ಕೂಗು ಅದು.

ಬಿಚ್ಚಿ ತೆಗೆದಾಗ ಸಾವುಕಾರರ ಮೂಗಿನಿಂದ ಹನಿ ರಕ್ತ, ಬಾಯಿಂದ ಹೊಳೆಯಂಥ ಬೈಗುಳ. ಮೊಣಕಾಲು ನೋವಿಗೆಂದು ರಾತ್ರಿ ಒಂದು ಅಫೀಮಿನ ಗುಳಿಗೆ ನುಂಗುವವರು ನಿನ್ನೆ ಒಂದು ಹಿಡಿ ನುಂಗಿದ್ದರಂತೆ.

ವಿರುಪಣ್ಣ ಗಾದಿಲಿಂಗಪ್ಪನ ರಟ್ಟೆ ಹಿಡಿದು ಮೂಲೆಗೆ ಎಳೆದ. "ಮನಿಹಾಳ! ನಾ ಹೇಳಿದ್ದು ಗಂಟು. ಆ ಹೆಚ್ಚಿನ ಹೊಲಿಗಿ ಯಾವಾಂವ ಹಾಕಂದಿದ್ದ? ಲಗ್ನದ ಅರಿಬಿ ಕನಸಿನ್ಯಾಗ ನೋಡು ಇನ್ನ!"

"ವಿರುಪಾ, ಕೀಲಿಕೈ ಇತ್ತ ತಾ," ಎಂದರು ಸಾವುಕಾರರು. ಆಮೇಲೆ ಬಾಗಿಲಲ್ಲಿ ಇಣುಕುತ್ತಿದ್ದ ಊರಿಗೆಲ್ಲ ಕೇಳುವಂತೆ ಹೇಳಿದರು. "ಹೆತ್ತ ಮಗ ಗಂಟು ಹಾಕಂದ. ಈ ದರ್ಜಿ ಒಮ್ಮೆ ಕೇಳಿ ನೋಡೂಣು ಅಂದ. ಇವನ ಕೈ ಹೆಣದ ಕೈ ಅಂದೋರು ಯಾರಲೇ? ಇದು ಜೀವ ಉಳಿಸೋ ಕೈ! ಹೊಲಿಸೋದಿದ್ರ ಇವನ ಕಡೆ ಹೊಲಿಸ್ರಿ!"

ಹೊತ್ತು ಇಳಿಯುವ ಮೊದಲೇ ಸಾಲು ಹತ್ತಿತು. ಬಗಲಲ್ಲಿ ಒಂದೊಂದು ಅರಿವೆಯ ಗಂಟು ಹಿಡಿದುಕೊಂಡು ಜನ ಗಾದಿಲಿಂಗಪ್ಪನ ಪಡಸಾಲೆಯಿಂದ ಓಣಿಯ ತಿರುವಿನ ತನಕ ನಿಂತಿದ್ದರು. ಹುಲಗಮ್ಮ ಕೂಡ ಬಂದಿದ್ದಳು, ಅತ್ತೆಯನ್ನು ಕೈ ಹಿಡಿದು ನಡೆಸಿಕೊಂಡು. ಪಂಪಾವತಿ ಕಸ ಹೊಡೆದು ಚಾಪೆ ಹಾಸಿದಳು. ಒಲೆಯ ಮೇಲೆ ಎಸರು ಇಟ್ಟೇ ಬಂದಿದ್ದಳು. ಗಾದಿಲಿಂಗಪ್ಪ ಅಳತೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಮೊದಲು ಬಂದವನು ಕಟ್ಟೆಯಲ್ಲಿ ಮೂಗು ಮುಚ್ಚಿಕೊಂಡಿದ್ದ ಮುದುಕ ವಿರೂಪಾಕ್ಷಪ್ಪಜ್ಜ.

"ಬರ್ರಿ ಅಜ್ಜಾರ. ಅಂಗೀ ಏನ್ರಿ?"

"ಅಂಗಿ ಯಾಕೋ? ಮೈತುಂಬ ಬರಂಗ ಹೊಲಿ."

"ನಿಲುವಂಗಿ ಅನ್ರಿ! ಯಾವತ್ತಿಗೆ ಬೇಕ್ರಿ?"

"ನಂದೇನು ಅವಸರಿಲ್ಲಪ್ಪ. ನಮ್ಮ ಸೊಸಿ ಕೇಳಿದ್ರ ಇವತ್ತ ಅಂದಾಳು."

"ಕೂಲಿ?" ಎಂದಳು ಪಂಪಾವತಿ, ಬಾಗಿಲ ಮರೆಯಿಂದ ಸಣ್ಣ ದನಿಯಲ್ಲಿ.

"ಉಟ್ಟ ಮ್ಯಾಲ ಕೊಡ್ತೀನಿ ತಂಗಿ."

ಗಾದಿಲಿಂಗಪ್ಪ ಖುಷಿಯಿಂದ ಪಟ್ಟಿ ಬಿಡಿಸಿದ. "ಹಂಗಾರ ನೆಟ್ಟಗ ನಿಲ್ರಿ, ಅಳತಿ ತಗೋತೀನಿ."

ಅಜ್ಜ ನಿಲ್ಲಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಮೆಲ್ಲಗೆ ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಅಂಗೈ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದ. ಅವನನ್ನು ನೋಡಿ ಹಿಂದಿನ ಸಾಲಿನವರೂ ಒಬ್ಬೊಬ್ಬರಾಗಿ, ತಿರುವಿನ ತನಕ, ಅವನ ಹಾಗೆಯೇ ಕೂತರು.

"ಕುಂತ ಅಳತಿ ತಗೋ," ಎಂದ ಅಜ್ಜ. "ನಾವೇನು ನಿಂತು ಹೋಗೋರೇನು?"

ಗಾದಿಲಿಂಗಪ್ಪನ ಕೈಯ ಪಟ್ಟಿ ಜಾರಿತು. ಅಜ್ಜ ಒಂದು ಕಣ್ಣು ತೆರೆದು, ಬೆರಳಿನಿಂದ ಮೂಗು ಮುಟ್ಟಿ ತೋರಿಸಿ, ಮತ್ತೆ ಮುಚ್ಚಿಕೊಂಡ.

"ದಬ್ಬಣ ನಾಟಂಗ, ಇಲ್ಲಿ ಮಾತ್ರ ಅರಿಬಿ ಒಂದ ಪದರ ಇರ್ಲಿ."