ಸೋಫಾದಿಂದ ಅಡುಗೆಮನೆಗೆ

ಯಾರದಾದರೂ ಮನೆಗೆ ಹೋದರೆ ಎಲ್ಲಿ ಕೂರಬೇಕೆಂಬುದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿಕೊಂಡಿದ್ದರೆ, ಪಾಪ ಸಂಕೋಚದ ಸ್ವಭಾವ ಎಂದು ನೀವು ಬಿಟ್ಟುಬಿಡಬಹುದಿತ್ತು. ಆದರೆ ಮನೆಯೊಳಗೆ ಯಾರು ಎಲ್ಲಿ ಕೂರುತ್ತಾರೆ, ಯಾಕೆ ಅಲ್ಲೇ ಕೂರುತ್ತಾರೆ ಎಂಬುದನ್ನು ಅಧ್ಯಯನ ಮಾಡುವುದೇ ನನ್ನ ಹೊಟ್ಟೆಪಾಡು. ನಾನು ಮಾನವಶಾಸ್ತ್ರದವಳು. ಮಂಗೋಲಿಯಾದ ಹುಲ್ಲುಗಾವಲುಗಳಲ್ಲಿ ಕುರಿ, ಕುದುರೆ ಮೇಯಿಸುವ ಜನರ ನಡುವೆ ಹೆಣ್ಣಿನ ಪಾಡೇನು, ಗಂಡಿನ ಪಾಡೇನು ಎಂದು ಇಪ್ಪತ್ತು ವರ್ಷಗಳಿಂದ ಬರೆಯುತ್ತ, ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗೆ ಅದನ್ನೇ ಪಾಠ ಹೇಳುತ್ತ ಬಂದಿದ್ದೇನೆ. ನನಗೆ ಈ ಕೆಲಸ ಸಿಕ್ಕಿದಾಗ ದಾವಣಗೆರೆಯ ನನ್ನ ಚಿಕ್ಕಮ್ಮ, "ಕುರಿ ಕಾಯೋರನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ? ನಮ್ಮ ಜಗಳೂರಲ್ಲಿ ಇಲ್ವಾ?" ಎಂದು ಕೇಳಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಊರಿನಲ್ಲಿ ಕೇಳಿದವರಿಗೆ ಮಂಗೋಲಿಯಾ ಕಡೆ ಕೈ ತೋರಿಸುತ್ತೇನೆ, ಮಂಗೋಲಿಯಾದಲ್ಲಿ ಕೇಳಿದವರಿಗೆ ಇಂಡಿಯಾ ಕಡೆ ತೋರಿಸುತ್ತೇನೆ. ಇಬ್ಬರೂ ಒಪ್ಪಿಕೊಂಡು ತಲೆಯಾಡಿಸುತ್ತಾರೆ.

ಅಲ್ಲಿಯವರ ಮನೆಯೆಂದರೆ ಕಂಬಳಿ ಹೊದಿಸಿದ ದುಂಡನೆಯ ಗುಡಾರ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ, ನಟ್ಟನಡುವೆ ಒಲೆ. ಒಳಗೆ ಕಾಲಿಟ್ಟರೆ ಎಡಗಡೆ ಗಂಡಸರದು, ಕುದುರೆಯ ಜೀನು, ಲಗಾಮು ಎಲ್ಲ ಅಲ್ಲೇ. ಬಲಗಡೆ ಹೆಂಗಸರದು, ಹಾಲು, ಪಾತ್ರೆ, ಮಗು ಎಲ್ಲ ಅಲ್ಲೇ. ಅತಿಥಿಯನ್ನು ಎಡಗಡೆ ಒಳಭಾಗದಲ್ಲಿ ಕೂರಿಸುತ್ತಾರೆ. ನಾನು ಹೋದದ್ದು ಹೆಂಗಸರ ಬದುಕನ್ನು ತಿಳಿಯಲು. ಆದರೆ ಹೆಣ್ಣಾದರೂ ದೂರದಿಂದ ಬಂದ, ಪುಸ್ತಕ ಹಿಡಿದ ಹೆಣ್ಣು ನೋಡಿ, ಹೀಗಾಗಿ ನನ್ನನ್ನು ಗಂಡಸರ ಪಕ್ಕದಲ್ಲಿ ಕೂರಿಸಿದರು. ಉಪ್ಪು ಹಾಕಿದ ಹಾಲಿನ ಚಹ ಕುಡಿಯುತ್ತ ಎರಡು ತಿಂಗಳು ಒಲೆಯ ಆಚೆಗಿದ್ದ ಹೆಂಗಸರನ್ನು ದೂರದಿಂದ ನೋಡುತ್ತ ಕೂತೆ. ಮೂರನೆಯ ತಿಂಗಳಲ್ಲಿ ಆ ಮನೆಯೊಡತಿ ದುಲ್ಮಾ, ಇನ್ನು ಇವಳನ್ನು ಸುಮ್ಮನೆ ಕೂರಿಸಿ ಸಾಕುವುದು ಸಾಧ್ಯವಿಲ್ಲ ಅನಿಸಿತೋ ಏನೋ, ನನ್ನ ಕೈಗೊಂದು ಬಕೆಟ್ಟು ತುರುಕಿ ಆಡಿನ ಹಾಲು ಕರೆಯಲು ಎಬ್ಬಿಸಿಕೊಂಡು ಹೋದಳು. ಆಡು ಒದೆಯಿತು, ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು, ಆ ಸಂಜೆಯಿಂದ ನನ್ನ ಜಾಗ ಬಲಗಡೆ. ಅದರ ಮೇಲೆ ನಲವತ್ತು ಪುಟಗಳ ಒಂದು ಅಧ್ಯಾಯ ಬರೆದಿದ್ದೇನೆ. ಆಡು ಒದ್ದದ್ದನ್ನು ಮಾತ್ರ ಬಿಟ್ಟಿದ್ದೇನೆ.

ಈಗ ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನ ಕಥೆಗೆ ಬರುತ್ತೇನೆ. ಇಲ್ಲಿ ನನ್ನದೊಂದು ಸಣ್ಣ ಮನೆಯಿದೆ. ಬೆಳಿಗ್ಗೆ ಪಾಠಕ್ಕೆಂದು ಮ್ಯಾಂಚೆಸ್ಟರಿನ ಪಿಕಡಿಲಿ ಸ್ಟೇಷನ್ನಿಗೆ ರೈಲು, ಸಂಜೆ ವಾಪಸು. ಇಲ್ಲಿನ ಮನೆ ಕಂದಾಯ, ಅಂದರೆ ಕೌನ್ಸಿಲ್ ಟ್ಯಾಕ್ಸಿನಲ್ಲಿ ಒಂಟಿಯಾಗಿರುವವರಿಗೆ ರಿಯಾಯಿತಿ ಇದೆ. ನಾನು ಒಬ್ಬಳೇ ಇದ್ದೇನೆಂದು ವರ್ಷಕ್ಕೊಮ್ಮೆ ತಪ್ಪದೆ ನೆನಪಿಸಿಕೊಂಡು ಕಾಗದ ಬರೆಯುವುದು ಆ ಕೌನ್ಸಿಲ್‌ನವರೊಬ್ಬರೇ. ಹೀಗಿರುವಾಗ ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಸುಮತಿಯವರ ಮನೆಯಲ್ಲಿ ಏಳೆಂಟು ಕನ್ನಡ ಕುಟುಂಬಗಳು ಸೇರಿ ಊಟ ಮಾಡುವುದು ನನ್ನ ಪಾಲಿಗೆ ದೊಡ್ಡ ಹಬ್ಬ. ಸುಮತಿ, ಅವರ ಗಂಡ ಹರೀಶ್ ಇಬ್ಬರೂ ಪುತ್ತೂರಿನವರು. ಆ ಶನಿವಾರಕ್ಕಾಗಿ ನಾನು ಉಳಿದ ಇಪ್ಪತ್ತೊಂಬತ್ತು ದಿನ ಕಾಯುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನಾನೂ ನೋಡಿಕೊಂಡಿದ್ದೆ.

ಆ ಮನೆಯಲ್ಲಿ ಗಂಡಸರು ಮುಂದಿನ ಕೋಣೆಯಲ್ಲಿ, ಹೆಂಗಸರು ಅಡುಗೆಮನೆಯಲ್ಲಿ. ನಾನು ಬಾಗಿಲಲ್ಲಿ ಕಾಣಿಸಿದೊಡನೆ ಹರೀಶ್ ಎದ್ದು ನಿಂತು, "ಬನ್ನಿ ಬನ್ನಿ, ಪ್ರೊಫೆಸರ್ ಬಂದ್ರು!" ಎಂದು ಸೋಫಾದ ಮೇಲೆ ಗಂಡಸರ ನಡುವೆ ಕೂರಿಸುತ್ತಾರೆ. ಅವರು ಮಾರ್ಟ್‌ಗೇಜಿನ ಮಾತು ನಿಲ್ಲಿಸಿ, ಮರ್ಯಾದೆಗೆಂದು, "ಮಂಗೋಲಿಯಾದಲ್ಲಿ ತುಂಬ ಚಳಿಯಾ ಮೇಡಂ?" ಎಂದು ಕೇಳುತ್ತಾರೆ. ಹೌದು ಅನ್ನುತ್ತೇನೆ. ಮಾತು ಮುಗಿಯುತ್ತದೆ. ನಾಲ್ಕು ವರ್ಷಗಳಿಂದ ಇದೇ ಪ್ರಶ್ನೆ, ಇದೇ ಉತ್ತರ. ಅಷ್ಟರಲ್ಲಿ ಅಡುಗೆಮನೆಯಿಂದ ಸುಮತಿ, ಶೈಲಾ ಮತ್ತಿತರರ ನಗು ಉಕ್ಕಿ ಬರುತ್ತದೆ, ಒಮ್ಮೆ ತುಳುವಿನಲ್ಲಿ, ಒಮ್ಮೆ ಕನ್ನಡದಲ್ಲಿ. ತಡೆಯಲಾರದೆ ಎದ್ದು ಅಲ್ಲಿಗೆ ಹೋದರೆ ನಗು ಟಪ್ಪನೆ ನಿಲ್ಲುತ್ತದೆ. "ಎಂತ ಬೇಕಿತ್ತು ಮೇಡಂ? ನೀರಾ?" ಎನ್ನುತ್ತಾರೆ ಸುಮತಿ. ಬೇಡ, ನಿಮ್ಮ ಜೊತೆ ನಿಲ್ಲೋಣ ಅಂತ ಬಂದೆ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಹೌದು, ನೀರು ಎನ್ನುತ್ತೇನೆ. ಒಂದೊಂದು ಶನಿವಾರ ಐದಾರು ಲೋಟ ಕುಡಿದದ್ದುಂಟು. ಮೇಡಂಗೆ ಸಕ್ಕರೆ ಕಾಯಿಲೆ ಇರಬೇಕೆಂದು ಹರೀಶ್ ಜಿಪಿ ಡಾಕ್ಟರ ಹತ್ತಿರ ಹೋಗಲು ಸಲಹೆಯನ್ನೂ ಕೊಟ್ಟರು. ನಾನು ಹೋಗಿ ರಕ್ತ ಕೊಟ್ಟು ಬಂದೆ. ಏನೂ ಇರಲಿಲ್ಲ.

ಹೋದ ಮಾರ್ಚಿನಲ್ಲಿ ಒಂದು ಎಡವಟ್ಟಾಯಿತು. ನಮ್ಮ ಕಸುಬಿನವರಿಗೆ ಒಂದು ಚಟವಿದೆ. ಯಾವ ಮನೆಯಲ್ಲಿ ಕೂತರೂ ಕೈ ತಾನಾಗಿ ಅದರ ನಕ್ಷೆ ಬರೆಯುತ್ತದೆ, ಒಲೆ ಎಲ್ಲಿ, ಬಾಗಿಲು ಎಲ್ಲಿ, ಯಾರು ಎಲ್ಲಿ ಎಂದು. ಆ ಶನಿವಾರ ಟೀವಿಯಲ್ಲಿ ಫುಟ್‌ಬಾಲ್ ಪಂದ್ಯವಿತ್ತು. ಚಳಿಯ ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ಬೇಸರಕ್ಕೆ ಒಂದು ಲಕೋಟೆಯ ಬೆನ್ನಿಗೆ ಆ ಮನೆಯ ನಕ್ಷೆ ಗೀಚಿದೆ. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ಇದು ನಮ್ಮ ಶಾಸ್ತ್ರದ ಪದ್ಧತಿ. ಮುಂದಿನ ಕೋಣೆಯಲ್ಲಿ ಏಳು ತ್ರಿಕೋನಗಳು, ಅವುಗಳ ನಡುವೆ ಒಂದೇ ಒಂದು ವೃತ್ತ. ಆ ವೃತ್ತದಿಂದ ಗೋಡೆ ದಾಟಿ ಅಡುಗೆಮನೆಗೆ ಚುಕ್ಕಿಚುಕ್ಕಿಯ ಬಾಣ, ಬಾಣದ ತುದಿಗೊಂದು ಪ್ರಶ್ನಾರ್ಥಕ ಚಿಹ್ನೆ. ಮನೆಗೆ ಬಂದು ಚೀಲ ತಡಕಿದರೆ ಲಕೋಟೆ ಇಲ್ಲ.

ಭಾನುವಾರ ಸುಮತಿಯ ಫೋನ್ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಹಲೋ ಅನ್ನುವ ಮೊದಲೇ ನಾನು ಕ್ಷಮೆ ಕೇಳಿದೆ. ಇನ್ನು ಮೊದಲ ಶನಿವಾರವೂ ಉಳಿದ ಶನಿವಾರಗಳಂತೆಯೇ ಕಳೆಯುತ್ತದೆ ಎಂದು ಆಗಲೇ ಲೆಕ್ಕ ಹಾಕಿಬಿಟ್ಟಿದ್ದೆ.

"ಸಾರಿ ಯಾಕೆ ಮೇಡಂ? ಸೋಫಾದ ಸಂದಿಯಲ್ಲಿ ಸಿಕ್ಕಿತು. ಇವರು ಅದನ್ನು ಎಕ್ಸ್‌ಟೆನ್ಷನ್ ಪ್ಲಾನ್ ಅಂತ ಹಿಡ್ಕೊಂಡು ಬೆಳಿಗ್ಗೆಯಿಂದ ಗೋಡೆ ಅಳೀತಿದ್ದಾರೆ. ಪ್ರೊಫೆಸರ್ ಹೇಳಿದ್ದು ಸರಿ, ಈ ಗೋಡೆ ಒಡೆದ್ರೆ ಕಿಚನ್ ದೊಡ್ಡದಾಗ್ತದೆ ಅಂತ," ಎಂದರು ಸುಮತಿ. ಆಮೇಲೆ ದನಿ ತಗ್ಗಿಸಿ ಕೇಳಿದರು, "ಆ ಒಂಟಿ ವೃತ್ತ ನೀವಾ?"

"ಹೌದು," ಎಂದೆ.

"ಅಯ್ಯೋ ಮಾರಾಯ್ರೆ, ಬರ್ಬೇಕು ಅಂತಿದ್ರೆ ಬರ್ಲಿಕ್ಕೆ ಏನು? ನೀವು ಬಂದ್ರೆ ನಾವು ಸುಮ್ಮನಾಗೋದು ಯಾಕೆ ಗೊತ್ತುಂಟಾ? ಮೊದಲನೇ ಸಲ ಬಂದಾಗ ನೀವು ಪುಸ್ತಕ ತೆಗೆದು ಕೇಳಿದ್ರಿ, ಅತ್ತೆ ಇಲ್ಲದ ಅಡುಗೆಮನೆಯಲ್ಲಿ ಅಧಿಕಾರ ಯಾರದ್ದು ಅಂತ. ಶೈಲಾ ಅವತ್ತು ಮನೆಗೆ ಹೋಗಿ ಗಂಡನ ಹತ್ರ ಜಗಳ ಮಾಡಿದ್ಲು. ಆಮೇಲೆ ನಮಗೆಲ್ಲ ಹೆದರಿಕೆ, ಮೇಡಂ ನಮ್ಮನ್ನೂ ಬರ್ಕೊಳ್ತಾರೆ ಅಂತ."

ನಾನು ಆ ಪ್ರಶ್ನೆ ಕೇಳಿದ್ದು ನನಗೆ ನೆನಪೇ ಇರಲಿಲ್ಲ. ನಾಲ್ಕು ವರ್ಷ ಆ ಸೋಫಾದ ಮೇಲೆ ನನ್ನನ್ನು ಕೂರಿಸಿದವಳು ನಾನೇ ಎಂದು ಆಗ ತಿಳಿಯಿತು.

"ಮುಂದಿನ ತಿಂಗಳು ಸೀದಾ ಒಳಗೆ ಬನ್ನಿ. ಒಂದೇ ಕಂಡೀಷನ್, ನಮ್ಮ ಬಗ್ಗೆ ಒಂದಕ್ಷರ ಬರೀಬಾರದು," ಎಂದರು ಸುಮತಿ. ಬರೆಯುವುದಿಲ್ಲವೆಂದು ನಾನು ಆಣೆ ಮಾಡಿದೆ.

ಏಪ್ರಿಲ್ಲಿನ ಮೊದಲ ಶನಿವಾರ ಪೆನ್ನು, ಪುಸ್ತಕ ಎರಡನ್ನೂ ಮನೆಯಲ್ಲೇ ಬಿಟ್ಟು ಹೋದೆ. ಒಂದು ಬುಟ್ಟಿ ಬೀನ್ಸ್ ನನ್ನ ಮುಂದೆ ಬಂತು. ನಾಲ್ಕು ಹೆಚ್ಚಿದ್ದೆನೋ ಇಲ್ಲವೋ, "ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಯಾವಾಗ ನಿರ್ಮಲಕ್ಕಾ?" ಎಂದು ಶೈಲಾ ಗದರಿದರು. ನನ್ನ ಹೆಸರು ನಿರ್ಮಲಾ ಎಂದು ಅವರಿಗೆ ಗೊತ್ತಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಬೈಸಿಕೊಂಡು ಅಷ್ಟು ಸಂತೋಷಪಟ್ಟವರು ಈ ಊರಿನಲ್ಲಿ ಇರಲಾರರು. ಆಮೇಲೆ ಅದೇ ಶೈಲಾ ಒಂದು ಮಾತು ಹೇಳಿದರು ನೋಡಿ, ನಗು ತಡೆಯಲಾರದೆ ನಾನು ಚಾಕು ಕೆಳಗಿಟ್ಟೆ, ಸುಮತಿ ಫ್ರಿಡ್ಜ್ ಹಿಡಿದು ನಿಂತರು.

ಸಂಜೆ ಇನ್ನೂ ಬೆಳಕಿರುವಾಗಲೇ ಪಲ್ಯದ ಡಬ್ಬಿ ಹಿಡಿದು ಮನೆಗೆ ನಡೆದು ಬಂದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಬಾಗಿಲು ತೆಗೆದು, ಚಪ್ಪಲಿ ಬಿಡುತ್ತ, "ಗೊತ್ತಾ, ಇವತ್ತು ಶೈಲಾ ಏನಂದ್ರು ಅಂದ್ರೆ..." ಎಂದು ಗಟ್ಟಿಯಾಗಿ ಶುರು ಮಾಡಿಬಿಟ್ಟೆ. ಪಡಸಾಲೆಯಲ್ಲಿ ನನ್ನದೇ ಹಳೆಯ ಕೋಟು ನೇತಾಡುತ್ತಿತ್ತು. ಅಷ್ಟು ಹೊತ್ತಿಗೆ ಶೈಲಾ ತಮ್ಮ ಮನೆಯಲ್ಲಿ ಗಂಡನಿಗೆ ನನ್ನ ಬೀನ್ಸಿನ ಕಥೆ ಹೇಳುತ್ತಿದ್ದಿರಬೇಕು, ಸುಮತಿ ಹರೀಶರಿಗೆ ಹೇಳುತ್ತಿದ್ದಿರಬೇಕು. ಅವರು ಯಾರೂ ಏನನ್ನೂ ಬರೆದಿಡುವುದಿಲ್ಲ, ಅವರಿಗೆ ಬರೆದಿಡುವ ಅಗತ್ಯವೇ ಇಲ್ಲ. ಇಪ್ಪತ್ತು ವರ್ಷ ನಾನು ಪುಟಗಟ್ಟಲೆ ಬರೆದದ್ದು ಶಾಸ್ತ್ರಕ್ಕಾಗಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಆಮೇಲೆ ಪೆನ್ನು ಹುಡುಕಿದೆ.

ಆಣೆ ಮುರಿದದ್ದಕ್ಕೆ ಸುಮತಿ ಕ್ಷಮಿಸಬೇಕು. ಶೈಲಾ ಹೇಳಿದ ಆ ಮಾತನ್ನು ಮಾತ್ರ ಎಲ್ಲಿಯೂ ಬರೆದಿಲ್ಲ, ಅಷ್ಟು ಮಾನ ಮರ್ಯಾದೆ ನನಗೂ ಇದೆ. ಆದರೆ ನಿಮ್ಮಲ್ಲಿ ಯಾರಾದರೂ ಒಂದು ಸಂಜೆ ಮನೆಯ ಕಡೆ ಬಂದರೆ ಖಂಡಿತ ಹೇಳುತ್ತೇನೆ.