ಹಸಿ ಮೆಂತ್ಯದ ಹುಳು

ರೊಟ್ಟಿಯ ಜೊತೆ ಒಂದು ಹಿಡಿ ಹಸಿ ಮೆಂತ್ಯ ಸೊಪ್ಪು ತಿಂದದ್ದು ತಿಪಟೂರಿನ ಕೊಬ್ಬರಿ ಮಂಡಿ ಗುಮಾಸ್ತ ಶಂಭುಲಿಂಗಯ್ಯನ ತಪ್ಪು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕರಿಬಸವಯ್ಯನವರಿಗೆ ಕಾಣುವಂತೆ ಜಗಲಿಯಲ್ಲಿ ಕೂತು ತಿಂದದ್ದು ಇನ್ನೂ ದೊಡ್ಡ ತಪ್ಪು.

"ಉಗಿಯಪ್ಪಾ, ಉಗಿ! ಹಸಿ ಸೊಪ್ಪಲ್ಲಿ ಹುಳದ ಮೊಟ್ಟೆ ಇರ್ತದಂತೆ. ಸೀದಾ ತಲೆಗೇ ಹತ್ತುತ್ತದಂತೆ! ಪೇಪರ್ನಲ್ಲೇ ಬಂದದೆ ಕಣಪ್ಪ!"

ಉಗಿಯುವ ಹೊತ್ತು ಮೀರಿತ್ತು. ಅಂದು ಮಧ್ಯಾಹ್ನವೇ ಬಿಳಿಗೆರೆಯಲ್ಲಿ ಹೆಣ್ಣು ನೋಡುವುದಿತ್ತು. ಮೂವತ್ತಮೂರು ತುಂಬಿದ ಅವನಿಗೆ ಇದು ಐದನೆಯ ಹೆಣ್ಣು. ಹಿಂದಿನ ನಾಲ್ಕು ಮನೆಯವರೂ ಬರೀ ಕಾಫಿ ಕೊಟ್ಟು ಕಳಿಸಿದ್ದರು. ತಲೆಯಲ್ಲಿ ಹುಳವಿರುವ ಗಂಡಿಗೆ ಕಾಫಿಯನ್ನೂ ಕೊಡಲಾರರೆಂದು ಅವನು ಬೆವೆತುಹೋದ.

ಎದುರುಮನೆ ಕಲ್ಲಮ್ಮ ಬೇಲಿಸಾಲಿನ ತುಂಬೆ ಸೊಪ್ಪು ಅರೆದು ಒಂದು ಲೋಟ ರಸ ತಂದಳು. ಕರಿಬಸವಯ್ಯನವರು ಬಚ್ಚಲ ಮೋರಿಯ ಪಕ್ಕದ ದೊಡ್ಡಪತ್ರೆ ಜಜ್ಜಿ ಇನ್ನೊಂದು ಲೋಟ ತಂದರು.

"ಮೂಗು ಮುಚ್ಕೊಂಡು ಕುಡಿದ್ಬುಡು. ಹುಳಕ್ಕೇ ವಾಕರಿಕೆ ಬರ್ಬೇಕು!"

ಹುಳಕ್ಕೆ ಬಂತೋ ಇಲ್ಲವೋ, ಶಂಭುಲಿಂಗಯ್ಯನ ಹೊಟ್ಟೆ ಮಾತ್ರ ಕಾಯಿ ಹೇರಿದ ಎತ್ತಿನಗಾಡಿಯಂತೆ ಗುಡುಗುಡು ಎನ್ನತೊಡಗಿತು. ಮೂರು ಗಂಟೆಗೆ ಬಿಳಿಗೆರೆ ಬಸ್ಸು ಹೊರಟಿತು. ಅವನು ಚೊಂಬು ಹಿಡಿದು ಹಿತ್ತಿಲಲ್ಲಿದ್ದ. ಹುಷಾರಿಲ್ಲವೆಂದು ಕರಿಬಸವಯ್ಯನವರೇ ಕಂಡಕ್ಟರ್ ಕೈಲಿ ಹೇಳಿಕಳಿಸಿದರು.

ತಾಯಿ ಶಿವರುದ್ರಮ್ಮ ಮಗನನ್ನು ಡಾಕ್ಟರ ಹತ್ತಿರ ಕರೆದೊಯ್ದು ನಡೆದದ್ದೆಲ್ಲ ಹೇಳಿದರು.

"ಮೆಂತ್ಯ ಸೊಪ್ಪು ತೊಳೆದಿದ್ರೇನಮ್ಮಾ?"

"ಮೂರು ನೀರಲ್ಲಿ ತೊಳ್ದಿದ್ದೆ ಕಣ್ರೀ."

"ಹಾಗಾದ್ರೆ ಇಷ್ಟು ಹೆದರಬೇಕಾಗಿರ್ಲಿಲ್ಲ. ಪೇಪರ್ನವರೂ ಚೆನ್ನಾಗಿ ತೊಳೆದು ತಿನ್ನಿ ಅಂತ ತಾನೇ ಬರೆದಿರೋದು? ಕೊನೇ ಸಾಲಿನವರೆಗೂ ಓದ್ಬೇಕು. ಸರಿ, ರಸಕ್ಕೆ ಹಾಕಿದ ಸೊಪ್ಪು ತೊಳೆದಿದ್ರಾ?"

ಶಿವರುದ್ರಮ್ಮ ಕೆನ್ನೆಗೆ ಕೈಯಿಟ್ಟರು. "ಔಷಧಿ ಸೊಪ್ಪನ್ನ ಯಾರಾದ್ರೂ ತೊಳೀತಾರಾ?"

ಡಾಕ್ಟರು ಮಾತ್ರೆ ಕೊಟ್ಟರು. ತೊಳೆಯದ ಎಲೆ ಇನ್ನು ಬಾಯಿಗೆ ಹೋಗಕೂಡದೆಂದು ಗದರಿದರು.

ಐದನೆಯ ಹೆಣ್ಣೂ ಕೈತಪ್ಪಿತೆಂದು ಶಂಭುಲಿಂಗಯ್ಯ ಚಾಪೆಯ ಮೇಲೆ ಮುದುರಿ ಮಲಗಿದ್ದಾಗ, ಸಂಜೆಯ ಬಸ್ಸಿಗೆ ಹುಡುಗಿಯ ತಂದೆ ಬಸವರಾಜಪ್ಪನವರೇ ಬಂದಿಳಿದರು.

"ಕಂಡಕ್ಟರ್ ಹೇಳ್ದ, ಮನಸ್ಸು ತಡೀಲಿಲ್ಲ. ಫೋಟೋ ನೋಡೇ ನಮ್ಮ ಹುಡುಗಿ ಒಪ್ಪವ್ಳೆ."

ಶಂಭುಲಿಂಗಯ್ಯ ದಡಕ್ಕನೆ ಎದ್ದು ಕೂತ. ಹೊಟ್ಟೆಯೂ ಒಂದು ಗಳಿಗೆ ಸುಮ್ಮನಾಯಿತು.

ಬಸವರಾಜಪ್ಪನವರು ಚೀಲದಿಂದ ಮುಚ್ಚಳದ ಪಾತ್ರೆ ತೆಗೆದರು. "ಕೈಯಾರೆ ಅರೆದು ಕಳಿಸವ್ಳೆ. ನಮ್ಮನೇಲಿ ದಿನಾ ಬೆಳಿಗ್ಗೆ ಎಲ್ರಿಗೂ ಒಂದೊಂದು ಲೋಟ ಅವಳೇ ಕುಡ್ಸೋದು. ಇನ್ಮೇಲೆ ನಿಮ್ಗೂನೂವೆ."

ಮುಚ್ಚಳ ತೆರೆದರೆ ಒಳಗೆ ಕಂಠಮಟ್ಟ ಹಸಿರು ಸೊಪ್ಪಿನ ರಸ! ಬೇಡವೆಂದರೆ ಸಂಬಂಧ ಹೋಯಿತು.

"ಸೊಪ್ಪು... ತೊಳೆದಿದ್ದಾರಾ?" ಎಂದ ಶಂಭುಲಿಂಗಯ್ಯ, ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ.

ಬಸವರಾಜಪ್ಪನವರು ಸೂರು ಹಾರಿಹೋಗುವಂತೆ ನಕ್ಕರು.

"ಔಷಧಿ ಸೊಪ್ಪನ್ನ ಯಾರಾದ್ರೂ ತೊಳೀತಾರಾ, ಅಳಿಯಂದ್ರೇ?"