ಮೊದಲ ಹನಿಗೆ ಮುಂಚಿನ ಗಿರಾಕಿ

ಭಗವಂತ ಋತುಗಳನ್ನು ಮಾಡಿದ್ದು ಮರಗಿಡಗಳಿಗೆಂದು ನಾವು ತಿಳಿದಿರುತ್ತೇವೆ. ಆದರೆ ಆ ಊರಿನಲ್ಲಿ ಮನೆಗಳಿಗೂ ಋತುವಿತ್ತು. ಶಾಲೆಗೆ ರಜೆ ಬಿಟ್ಟ ದಿನ ಮನೆ ವ್ಯಾಪಾರ ಚಿಗುರುತ್ತಿತ್ತು. ಮೊದಲ ಮಳೆ ಬಿದ್ದ ದಿನ ಮುದುಡಿ ಮಲಗುತ್ತಿತ್ತು. ಸೋರುವ ಸೂರನ್ನು ಯಾರಿಗೆ ತಾನೇ ತೋರಿಸುವುದು? ಊರಿಗಿದ್ದ ಒಬ್ಬನೇ ದಲ್ಲಾಳಿ ಅಂದಿನಿಂದ ಕೀಲಿಕೈ ಗೊಂಚಲನ್ನು ಮೊಳೆಗೆ ನೇತುಹಾಕಿ, ಅದೇ ಅಂಗಡಿಯಲ್ಲಿ ಛತ್ರಿ ರಿಪೇರಿಗೆ ಕೂರುತ್ತಿದ್ದ. ಮುಂದೆ ನಾಲ್ಕು ತಿಂಗಳು ಕ್ರಯವಾಗಲಿ, ಬಾಡಿಗೆಯಾಗಲಿ, ಮನೆಯ ಮಾತೆತ್ತಿದರೆ ಅವನಿಗೆ ಕಿವಿಯೇ ಕೇಳುತ್ತಿರಲಿಲ್ಲ.

ಆ ಭಾನುವಾರ ಗಡಿಯಾರ ರಿಪೇರಿಯವನು ಎದ್ದವನೇ ಆಕಾಶ ನೋಡಿದ. ಮೋಡಗಳು ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರ ಹಾಗೆ, ಒಳಗೆ ಬರಲೋ ಬೇಡವೋ ಎಂದು ಊರ ಅಂಚಿನಲ್ಲೇ ನಿಂತಿದ್ದವು.

"ಇವತ್ತೊಂದು ದಿನ ದಾಟಿಸಿಬಿಡು ತಂದೆ," ಎಂದು ಕೈಮುಗಿದ.

ಹನ್ನೊಂದು ವರ್ಷದಿಂದ ಅವನು ಬಾಡಿಗೆಗಿದ್ದ ಮನೆ ಮಾರಾಟಕ್ಕಿತ್ತು. ಆ ಮನೆಯ ಮುಂಗೋಣೆಗೆ ಉತ್ತರದ ಕಿಟಕಿ. ಅದರಿಂದ ಬೆಳಗಿನಿಂದ ಸಂಜೆವರೆಗೂ ಒಂದೇ ಹದದ ಬೆಳಕು ಬಂದು ಅವನ ಮೇಜಿನ ಮೇಲೆ ಸಾಕಿದ ಬೆಕ್ಕಿನ ಹಾಗೆ ಮಲಗಿರುತ್ತಿತ್ತು. ಆ ಬೆಳಕಿಲ್ಲದೆ ಗಡಿಯಾರದ ಹೊಟ್ಟೆಯೊಳಗಿನ ಕೂದಲೆಳೆಯಂಥ ಸುರುಳಿ ಅವನ ಕಣ್ಣಿಗೆ ಕಾಣದು. ಮನೆ ಮಾರಿಹೋದರೆ ಕಿಟಕಿಯೂ ಹೋಯಿತು. ಇವತ್ತು ದಾಟಿ ಮಳೆ ಬಿದ್ದರೆ ಮುಂದಿನ ಬೇಸಿಗೆವರೆಗೆ ಚಿಂತೆಯಿಲ್ಲ.

"ಬಂದೋರ ಹತ್ರ ಸುಳ್ಳುಗಿಳ್ಳು ಹೇಳಿ ಪಾಪ ಕಟ್ಕೋಬೇಡಿ," ಎಂದಳು ಹೆಂಡತಿ.

"ಸುಳ್ಳು ಯಾಕೇ ಬೇಕು? ಈ ಮನೆ ಬಗ್ಗೆ ನಿಜ ಹೇಳಿದ್ರೇ ಸಾಕು!"

ಬೆಳಿಗ್ಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆ ನೋಡಲು ಬಂತು. ಅವನು ನೆಲದ ಮೇಲೆ ಪಾತ್ರೆಗಳನ್ನು ಜೋಡಿಸಿಟ್ಟಿದ್ದ. "ಮಳೆ ಬಂದ್ರೆ ಇಲ್ಲಿ ಚೊಂಬು ಇಡಬೇಕಮ್ಮಾ. ಇಲ್ಲಿ ಬಕೆಟ್ಟು. ಇಲ್ಲಿ ಮಾತ್ರ ಏನೂ ಬೇಡ, ಇಲ್ಲಿ ನೀವೇ ನಿಂತ್ಕೋಬಹುದು." ಹುಡುಗಿ ಗಂಡನ ಅಂಗಿತೋಳು ಹಿಡಿದೆಳೆದಳು. ಇಬ್ಬರೂ ಗೇಟು ಹಾಕುವುದನ್ನೂ ಮರೆತು ಹೋದರು.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಎದುರುಮನೆ ಅಕ್ಕ, ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರು, ಪೊರಕೆ ಹಿಡಿದೇ ನುಗ್ಗಿ ಬಂದರು.

"ಏನೋ ತಮ್ಮಾ, ಮನೆಗೆ ಬಂದ ಸಂಬಂಧ ಮುರಿಯೋ ಸೋದರಮಾವನ ಥರ ಆಡ್ತಿದೀಯಲ್ಲೋ! ತೆಗಿ ಈ ಪಾತ್ರೆಗಳ್ನ. ಮಧ್ಯಾಹ್ನ ಒಬ್ರು ದೊಡ್ಡೋರು ಬರ್ತಾರೆ. ವಿಷಯ ಏನಂದ್ರೆ—"

"ನನಗೇನೂ ಹೇಳಬೇಡಿ ಅಕ್ಕಾ. ನಾನು ನಿಜ ಹೇಳೋನೇ!"

"ನಿನ್ನ ಒಳ್ಳೇದಕ್ಕೇ ಕಣೋ!" ಎಂದು ಗೊಣಗುತ್ತಾ ಅಕ್ಕ ಚೊಂಬು ಬಕೆಟ್ಟುಗಳನ್ನು ಒಳಗೆ ಸಾಗಿಸಿ, ನೆಲ ಗುಡಿಸಿ, ಗೋಡೆಯ ಬಿರುಕಿನ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿಯೇ ಹೋದರು.

ಮಧ್ಯಾಹ್ನ ದಲ್ಲಾಳಿ ಒಬ್ಬ ಎಣ್ಣೆ ವ್ಯಾಪಾರಿಯನ್ನು ಕರೆತಂದ. ಅಕ್ಕನೂ ಹಿಂದೆಯೇ ಬಂದರು.

"ಗಡಿಯಾರದಣ್ಣಾ, ಮೊದ್ಲು ಒಂದು ಮಾತು ಕೇಳಿ," ಎಂದ ದಲ್ಲಾಳಿ.

"ಆಮೇಲೆ ಕೇಳ್ತೀನಿ. ಮೊದ್ಲು ಇವರು ಈ ಗೋಡೆ ನೋಡಲಿ," ಎಂದು ಅವನು ಕ್ಯಾಲೆಂಡರ್ ಎತ್ತಿದ. ಸಡಿಲವಾದ ಮೆಟ್ಟಿಲನ್ನು ಕುಣಿದು ತೋರಿಸಿದ. ಹೆಗಲು ಕೊಟ್ಟು ದಬ್ಬದೆ ತೆರೆಯದ ಅಡುಗೆಮನೆ ಕಿಟಕಿಗೆ ಹೆಗಲು ಕೊಟ್ಟ. ವ್ಯಾಪಾರಿ ತಲೆಯಾಡಿಸುತ್ತಾ ನಡೆದರೇ ಹೊರತು ಓಡಲಿಲ್ಲ. ಅಕ್ಕ ಹಣೆ ಚಚ್ಚಿಕೊಂಡರು.

ಉಳಿದದ್ದು ಬಚ್ಚಲುಮನೆ. "ಈ ಬಾಗಿಲು ಪೂರ್ತಿ ಹಾಕಿದ್ರೆ ಕಚ್ಕೊಂಡುಬಿಡತ್ತೆ ಸ್ವಾಮಿ. ನೋಡಿ ಬೇಕಾದ್ರೆ!" ಎಂದು ಒಳಗೆ ಹೋಗಿ ಎಳೆದುಕೊಂಡ.

ಬಾಗಿಲು ಅವನ ಮಾತನ್ನು ಅಕ್ಷರಶಃ ನಡೆಸಿಕೊಟ್ಟಿತು.

"ನೋಡಿದ್ರಾ? ನಾನು ಹೇಳಲಿಲ್ವಾ?" ಒಳಗಿನಿಂದ ವಿಜಯದ ದನಿ ಬಂತು. ಹೊರಗೆ ಬರಲಾಗದಿದ್ದರೇನು, ಬಾಯಿ ಇತ್ತಲ್ಲ. ಚರಂಡಿ, ಇರುವೆ, ನಲ್ಲಿಯ ಗೊರಕೆ ಎಲ್ಲವನ್ನೂ ಕಾಲು ಗಂಟೆ ಬಾಗಿಲ ಹಿಂದಿನಿಂದಲೇ ಒಪ್ಪಿಸಿದ.

ಕೊನೆಗೆ ವ್ಯಾಪಾರಿ ಬಾಗಿಲ ಬಳಿ ಬಂದು ಮೆಲ್ಲಗೆ ಕೇಳಿದರು: "ಅಲ್ಲಪ್ಪಾ, ಇಷ್ಟು ವರ್ಷ ಇದ್ದೀಯ. ಈ ಮನೇಲಿ ನಿನಗೆ ಇಷ್ಟವಾದ್ದು ಒಂದಾದ್ರೂ ಇಲ್ವಾ?"

ಕಿಟಕಿ ನಾಲಿಗೆಯ ತುದಿಗೆ ಬಂದುಬಿಟ್ಟಿತು. ಇಲ್ಲ ಎಂದರೆ ಸುಳ್ಳು. ಇದೆ ಎಂದರೆ ಮನೆ ಹೋಯಿತು. ಬಾಯಿಗೆ ಅಂಗವಸ್ತ್ರ ತುರುಕಿಕೊಂಡು ಬಕೆಟ್ಟಿನ ಮೇಲೆ ಕೂತ. ಹೊರಗೆ ಹೆಜ್ಜೆಗಳು ದೂರವಾದವು. ಗೇಟಿನ ಸದ್ದಾಯಿತು. ಎಷ್ಟೋ ಹೊತ್ತಿನ ಮೇಲೆ ಗುಡುಗಿತು; ಬಚ್ಚಲಿನ ತಗಡಿನ ಮೇಲೆ ಪಟಪಟನೆ ಮಳೆ! ಅವನು ಕೂತಲ್ಲೇ ಕೈಮುಗಿದ. ಕಣ್ಣು ತುಂಬಿ ಬಂತು.

ಹೆಂಡತಿ, ಅಕ್ಕ, ವ್ಯಾಪಾರಿಯನ್ನು ಕಳಿಸಿ ಬಂದ ದಲ್ಲಾಳಿ ಸೇರಿ ಕೊನೆಗೂ ಬಾಗಿಲು ಮೀಟಿ ತೆಗೆದಾಗ ಅವನ ಮುಖ ಹೊಸ ಗಡಿಯಾರದ ಹಾಗೆ ಹೊಳೆಯುತ್ತಿತ್ತು. "ಮಳೆ ಬಂತು! ನಾವು ಇಲ್ಲೇ!"

"ಮನೆ ಮಾರಿಹೋಯ್ತು ಅಣ್ಣಾ," ಎಂದ ದಲ್ಲಾಳಿ. "ಮೊದಲ ಹನಿ ಬೀಳೋಕೆ ಸ್ವಲ್ಪ ಮುಂಚೆ ಮುಂಗಡ ಕೊಟ್ರು."

"ಇಷ್ಟೆಲ್ಲ ಹೇಳಿದ ಮೇಲೂ?"

ಅಕ್ಕನ ದನಿ ಅಳುವಂತಾಗಿತ್ತು. "ಅವರಿಗೆ ವಾಸಕ್ಕೆ ಮನೆ ಬೇಕಿರಲಿಲ್ಲ ಕಣೋ! ಮನೆ ಜೊತೆಗೆ ಅದನ್ನ ನೋಡ್ಕೊಳ್ಳೋ ಒಳ್ಳೇ ಬಾಡಿಗೆದಾರ ಬೇಕು ಅಂತಿದ್ರು. ನಿನ್ನ ಹೊಗಳಿ ಹೊಗಳಿ ನಾನೇ ಒಪ್ಪಿಸಿ ಕರೆಸಿದ್ದೆ."

"ಮತ್ತೆ?"

"ಮತ್ತೇನು?" ಎಂದ ದಲ್ಲಾಳಿ. "ಬಾಗಿಲು, ಗೋಡೆ, ಮೆಟ್ಟಿಲು ಎಲ್ಲಾ ರಿಪೇರಿ ಮಾಡಿಸ್ತೀನಿ, ಆದ್ರೆ ಈ ಬಾಡಿಗೆದಾರನ ಬಾಯಿ ರಿಪೇರಿ ಮಾಡೋದು ನನ್ನ ಕೈಲಾಗಲ್ಲ, ಹದಿನೈದು ದಿನದಲ್ಲಿ ಖಾಲಿ ಮಾಡಿಸು ಅಂದ್ರು."

ಅವನು ಗೋಡೆ ಹಿಡಿದು ನಿಂತ. ಅವನು ತೋರಿಸಿದ್ದ ಜಾಗದಲ್ಲೇ, ಒಂದಂಗುಲವೂ ಆಚೀಚೆಯಾಗದೆ, ಹನಿ ತೊಟ್ಟಿಕ್ಕತೊಡಗಿತು. ಹೆಂಡತಿ ಸದ್ದಿಲ್ಲದೆ ಚೊಂಬು ತಂದಿಟ್ಟಳು.

"ಹಾಗಿದ್ರೆ... ಉತ್ತರಕ್ಕೆ ಕಿಟಕಿ ಇರೋ ಬಾಡಿಗೆ ಮನೆ ಒಂದು ನೋಡಪ್ಪಾ," ಎಂದ ಅವನು.

ದಲ್ಲಾಳಿ ಹೊರಗಿನ ಮಳೆ ನೋಡಿದ. ಕೀಲಿಕೈ ಗೊಂಚಲನ್ನು ನಿಧಾನವಾಗಿ ಜೇಬಿಗಿಳಿಸಿದ.

"ಮನೇನಾ? ಇನ್ನು ನಾಲ್ಕು ತಿಂಗಳು ಆ ಮಾತಿಲ್ಲ ಅಣ್ಣಾ. ಛತ್ರಿ ಏನಾದ್ರೂ ಇದ್ರೆ ಹೇಳಿ."

ಅವನು ಕಿಟಕಿಯ ಬಳಿಯ ತನ್ನ ಮೇಜಿನತ್ತ ತಿರುಗಿದ. ಹೆಂಡತಿಯೇ ಬಕೆಟ್ಟು ಸರಿಸುತ್ತಾ ಹೇಳಿದಳು:

"ದೊಡ್ಡದೊಂದು ಕೊಡಪ್ಪಾ. ಇವರು, ನಾನು, ಇವರ ಮೇಜು, ಮೂರೂ ಹಿಡಿಸಬೇಕು."